ಆಲ್ಬರ್ಟ್ ಮೈಕೆಲ್ಸನ್ನನ ಜೀವಿತವೂ ಅನುಪಲಬ್ಧಿಯ ವಿಚಾರವೂ

೧

ಶಾಸ್ತ್ರಗಳ ಚರಿತ್ರೆಯಲ್ಲಿ ಕೀರ್ತಿಯು ಸಾಮಾನ್ಯವಾಗಿ ಏನನ್ನಾದರೂ ಕಂಡುಹಿಡಿದವನಿಗೆ ಸಲ್ಲುವುದು. ಹುಡುಕಿದುದು ದೊರೆಯದೆ ಹೋದುದರಿಂದಲೇ ಹೆಸರು ನಿಂತವರು ವಿರಳ. ಅಂಥವರಲ್ಲಿ ಅಮೆರಿಕದ ಭೌತವಿಜ್ಞಾನಿ ಆಲ್ಬರ್ಟ್ ಅಬ್ರಹಾಂ ಮೈಕೆಲ್ಸನ್ನನು ಅಗ್ರಗಣ್ಯನು. ಈತನು ಐವತ್ತು ವರ್ಷಗಳಿಗೂ ಮಿಕ್ಕು ಬೆಳಕೊಂದನ್ನೇ ಉಪಾಸನೆ ಮಾಡಿದನು. ಅದರ ವೇಗವನ್ನು ಅಳೆದನು. ಅದರ ಅಲೆಯನ್ನೇ ಅಳತೆಗೋಲನ್ನಾಗಿ ಮಾಡಿದನು. ನಕ್ಷತ್ರದ ವ್ಯಾಸವನ್ನು ಅದರಿಂದಲೇ ತಿಳಿದನು. ಇಷ್ಟೆಲ್ಲವನ್ನೂ ಸಾಧಿಸಿದವನನ್ನು ಲೋಕವು ಮುಖ್ಯವಾಗಿ ಸ್ಮರಿಸುವುದು ೧೮೮೭ರಲ್ಲಿ ಆತನಿಗೆ ಕಾಣಿಸದೆ ಹೋದ ಒಂದು ಸಂಗತಿಗಾಗಿ.

ಈ ಲೇಖಕನು ಭೌತಶಾಸ್ತ್ರವನ್ನು ಗುರುಮುಖವಾಗಿ ಕಲಿತವನಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ತರ್ಕಸಂಗ್ರಹದಿಂದ ಮೊದಲುಮಾಡಿ ನ್ಯಾಯಮೀಮಾಂಸೆಗಳ ಹಾದಿಯಲ್ಲಿ ನಡೆದವನು. ಆದರೂ ಈ ವಿಷಯದಲ್ಲಿ ಲೇಖನಿಯನ್ನು ಹಿಡಿಯಲು ಕಾರಣವಿದೆ. ಮೈಕೆಲ್ಸನ್ನನ ಪ್ರಯೋಗವನ್ನು ಕುರಿತು ಎರಡು ಮಾತುಗಳು ಪಠ್ಯಪುಸ್ತಕಗಳಲ್ಲಿಯೂ ಉಪನ್ಯಾಸಗಳಲ್ಲಿಯೂ ಮತ್ತೆ ಮತ್ತೆ ಕೇಳಿಬರುತ್ತವೆ. ಈಥರ್ ಎಂಬ ದ್ರವ್ಯವಿಲ್ಲವೆಂದು ಆತನು ಸಾಧಿಸಿದನೆಂಬುದು ಒಂದು. ಆ ಸಾಧನೆಯ ಮೇಲೆಯೇ ಐನ್‌ಸ್ಟೈನನು ತನ್ನ ಸಾಪೇಕ್ಷತಾವಾದವನ್ನು ಕಟ್ಟಿದನೆಂಬುದು ಇನ್ನೊಂದು. ಎರಡೂ ಪೂರ್ತಿಯಾಗಿ ನಿಲ್ಲತಕ್ಕವಲ್ಲ. ಕಾಣದಿರುವಿಕೆಯಿಂದ ಇಲ್ಲದಿರುವಿಕೆಯನ್ನು ತಿಳಿಯುವುದು ಹೇಗೆ ಎಂಬ ಪ್ರಶ್ನೆಯನ್ನು ನಮ್ಮ ದಾರ್ಶನಿಕರು ಅತಿ ಸೂಕ್ಷ್ಮವಾಗಿ ವಿಚಾರಿಸಿರುವರು. ಆ ವಿಚಾರದ ಬೆಳಕಿನಲ್ಲಿ ಈ ವಿಜ್ಞಾನಿಯ ಜೀವಿತವನ್ನು ನೋಡುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೈಕೆಲ್ಸನ್ನನು ೧೮೫೨ನೆಯ ಡಿಸೆಂಬರ್ ೧೯ರಂದು ಪ್ರಷ್ಯಾ ರಾಜ್ಯದ ಪೋಸೆನ್ ಪ್ರಾಂತದ ಸ್ಟ್ರೆಲ್ನೋ ಎಂಬ ಊರಿನಲ್ಲಿ ಯೆಹೂದ್ಯ ಕುಟುಂಬವೊಂದರಲ್ಲಿ ಜನಿಸಿದನು. ಆ ಊರು ಈಗ ಪೋಲೆಂಡಿಗೆ ಸೇರಿದೆ. ತಂದೆ ಸ್ಯಾಮ್ಯುಯೆಲ್ ಮೈಕೆಲ್ಸನ್ನನು ವರ್ತಕನು. ೧೮೫೫ರಲ್ಲಿ ಕುಟುಂಬವು ಅಮೆರಿಕಕ್ಕೆ ವಲಸೆ ಹೋಗಿ, ಚಿನ್ನದ ಗಣಿಗಳಿಂದ ಜನಸಂದಣಿ ಸೇರಿದ್ದ ಕ್ಯಾಲಿಫೋರ್ನಿಯಾದ ಮರ್ಫೀಸ್ ಕ್ಯಾಂಪ್ ಎಂಬ ನೆಲೆಯಲ್ಲಿಯೂ, ಅನಂತರ ನೆವಾಡಾದ ವರ್ಜೀನಿಯಾ ಸಿಟಿಯಲ್ಲಿಯೂ ವ್ಯಾಪಾರಮಾಡಿಕೊಂಡಿದ್ದಿತು. ಬಾಲಕನು ಸ್ಯಾನ್ ಫ್ರಾನ್ಸಿಸ್ಕೋ ನಗರದ ಪ್ರೌಢಶಾಲೆಯಲ್ಲಿ ಓದಿದನು. ಅಲ್ಲಿಯ ಮುಖ್ಯೋಪಾಧ್ಯಾಯ ಬ್ರಾಡ್ಲಿಯು ಅವನ ಹಸ್ತಕೌಶಲ್ಯವನ್ನು ಗುರುತಿಸಿ ಪ್ರೋತ್ಸಾಹಿಸಿದನು.

೧೮೬೯ರಲ್ಲಿ ಅನ್ನಾಪೊಲಿಸ್ಸಿನ ನೌಕಾವಿದ್ಯಾಲಯಕ್ಕೆ ಸೇರಬೇಕೆಂದು ಬರೆದ ಸ್ಪರ್ಧಾಪರೀಕ್ಷೆಯಲ್ಲಿ ಅವನು ಸಮಸ್ಥಾನವನ್ನು ಪಡೆದರೂ ನೇಮಕವು ಇನ್ನೊಬ್ಬನ ಪಾಲಾಯಿತು. ಹದಿನಾರು ವರ್ಷದ ಹುಡುಗನು ಎದೆಗುಂದದೆ ದೇಶದ ಆ ತುದಿಯಿಂದ ಈ ತುದಿಗೆ ಪ್ರಯಾಣಮಾಡಿ, ವಾಷಿಂಗ್ಟನ್ನಿನಲ್ಲಿ ರಾಷ್ಟ್ರಾಧ್ಯಕ್ಷ ಗ್ರಾಂಟನನ್ನು ಕಂಡು ಅಹವಾಲನ್ನು ಹೇಳಿಕೊಂಡನು. ಅಧ್ಯಕ್ಷನ ವಿವೇಚನೆಗೆ ಬಿಟ್ಟಿದ್ದ ಹತ್ತು ಸ್ಥಾನಗಳೂ ಆ ವೇಳೆಗೆ ತುಂಬಿಹೋಗಿದ್ದುವು. ಕಡೆಗೆ ನಿಯಮವನ್ನು ಮೀರಿ ಹೆಚ್ಚಿನ ಸ್ಥಾನವೊಂದನ್ನು ಕೊಡಲಾಯಿತು. ತನ್ನ ವಿದ್ಯಾಜೀವನವು ಕಾನೂನಿಗೆ ವಿರುದ್ಧವಾದ ಕಾರ್ಯದಿಂದಲೇ ಆರಂಭವಾಯಿತೆಂದು ಆತನು ಮುಂದೆ ವಿನೋದವಾಗಿ ಹೇಳುತ್ತಿದ್ದನು.

೧೮೭೩ರಲ್ಲಿ ಇಪ್ಪತ್ತೊಂಬತ್ತು ಮಂದಿಯ ತರಗತಿಯಲ್ಲಿ ಒಂಬತ್ತನೆಯವನಾಗಿ ಉತ್ತೀರ್ಣನಾದಾಗ, ಬೆಳಕಿನ ಶಾಸ್ತ್ರದಲ್ಲಿ ಆತನು ಮೊದಲನೆಯವನು. ಹಡಗು ನಡೆಸುವ ವಿದ್ಯೆಯಲ್ಲಿ ಇಪ್ಪತ್ತೈದನೆಯವನು. ಎರಡು ವರ್ಷ ಸಮುದ್ರದ ಮೇಲಿದ್ದು ಬಂದ ಬಳಿಕ ೧೮೭೫ರಲ್ಲಿ ಅದೇ ವಿದ್ಯಾಲಯದಲ್ಲಿ ಭೌತ ರಸಾಯನಶಾಸ್ತ್ರಗಳ ಉಪಾಧ್ಯಾಯನಾದನು. ೧೮೭೭ರಲ್ಲಿ ಮಾರ್ಗರೆಟ್ ಹೆಮಿಂಗ್‌ವೇ ಎಂಬಾಕೆಯೊಡನೆ ವಿವಾಹವಾಯಿತು.

೩

ಬೆಳಕಿನ ವೇಗವು ಅಂದಿಗೆ ಹೊಸ ಪ್ರಶ್ನೆಯಲ್ಲ. ೧೬೭೬ರಲ್ಲಿ ರೋಮರನು ಗುರುಗ್ರಹದ ಉಪಗ್ರಹಗಳ ಗ್ರಹಣಕಾಲದಿಂದ ಬೆಳಕಿಗೆ ಮಿತವಾದ ವೇಗವುಂಟೆಂದು ಊಹಿಸಿದ್ದನು. ಭೂಮಿಯ ಮೇಲೆಯೇ ಅದನ್ನು ಅಳೆದವರು ಫ್ರಾನ್ಸಿನವರು: ೧೮೪೯ರಲ್ಲಿ ಫಿಜೋ ಹಲ್ಲುಗಾಲಿಯಿಂದಲೂ, ೧೮೬೨ರಲ್ಲಿ ಫೂಕೋ ತಿರುಗುವ ಕನ್ನಡಿಯಿಂದಲೂ ಅಳೆದರು. ಫೂಕೋನ ಕ್ರಮದಲ್ಲಿ ಬೆಳಕು ವೇಗವಾಗಿ ಸುತ್ತುತ್ತಿರುವ ಕನ್ನಡಿಯಿಂದ ಹೊರಟು, ದೂರದ ಸ್ಥಿರವಾದ ಕನ್ನಡಿಯನ್ನು ಮುಟ್ಟಿ ಹಿಂದಿರುಗುವಷ್ಟರಲ್ಲಿ ಮೊದಲನೆಯ ಕನ್ನಡಿಯು ಸ್ವಲ್ಪ ತಿರುಗಿರುತ್ತದೆ. ಆದುದರಿಂದ ಮರಳಿದ ಕಿರಣವು ಹೊರಟ ಸ್ಥಳಕ್ಕೆ ಬಾರದೆ ಪಕ್ಕಕ್ಕೆ ಸರಿಯುತ್ತದೆ. ಆ ಸರಿತದಿಂದ ಕಾಲವನ್ನೂ, ಕಾಲದಿಂದ ವೇಗವನ್ನೂ ಗಣಿಸಬಹುದು. ಆದರೆ ಫೂಕೋನಿಗೆ ದೊರೆತ ಸರಿತವು ಒಂದು ಮಿಲಿಮೀಟರಿಗಿಂತಲೂ ಕಡಮೆ.

ಪಾಠದಲ್ಲಿ ಈ ಪ್ರಯೋಗವನ್ನು ತೋರಿಸಬೇಕಾಗಿ ಬಂದಾಗ ತರುಣೋಪಾಧ್ಯಾಯನು ಅದರ ದೋಷವನ್ನು ಕಂಡನು. ಮಸೂರದ ಸ್ಥಾನವನ್ನು ಬದಲಾಯಿಸಿ, ವಕ್ರದರ್ಪಣಕ್ಕೆ ಬದಲಾಗಿ ಸಮತಲದರ್ಪಣವನ್ನಿಟ್ಟರೆ ಕನ್ನಡಿಗಳ ನಡುವಣ ದೂರವನ್ನು ಬಹಳವಾಗಿ ಹೆಚ್ಚಿಸಬಹುದೆಂದು ತಿಳಿದನು. ೧೮೭೮ರ ಮೊದಲ ಯತ್ನದಲ್ಲಿ ತಿರುಗುವ ಕನ್ನಡಿಗೆ ತಗುಲಿದ ವೆಚ್ಚವು ಹತ್ತು ಡಾಲರು. ಮಾವನು ಎರಡು ಸಾವಿರ ಡಾಲರುಗಳನ್ನು ಕೊಡಲು, ೧೮೭೯ರಲ್ಲಿ ಅನ್ನಾಪೊಲಿಸ್ಸಿನ ಸಮುದ್ರತೀರದಲ್ಲಿ ಸುಮಾರು ೬೦೫ ಮೀಟರ್ ದೂರದಲ್ಲಿ ಕನ್ನಡಿಗಳನ್ನು ನಿಲ್ಲಿಸಿ ಅಳೆದನು. ಈ ಸಲ ಕಿರಣವು ೧೩೩ ಮಿಲಿಮೀಟರ್ ಸರಿಯಿತು. ಅದು ಫೂಕೋನಿಗೆ ಕಂಡುದರ ಸುಮಾರು ಇನ್ನೂರರಷ್ಟು. ಮುಂದೆ ತಿದ್ದಿದ ಗಣನೆಯಂತೆ ಬಂದ ವೇಗ ಸೆಕೆಂಡಿಗೆ ೨,೯೯,೯೧೦ ಕಿಲೋಮೀಟರ್. ಸಂಭಾವ್ಯದೋಷ ೫೦ ಕಿಲೋಮೀಟರ್. ಇಪ್ಪತ್ತಾರು ವರ್ಷದ ನೌಕಾಧಿಕಾರಿಯ ಹೆಸರು ಯೂರೋಪಿಗೂ ಹಬ್ಬಿತು.

೪

ಆ ಕಾಲದ ಭೌತಶಾಸ್ತ್ರದಲ್ಲಿ ಬೆಳಕೆಂಬುದು ಅಲೆ. ಅಲೆಯಿದ್ದಲ್ಲಿ ಅದಕ್ಕೆ ಆಶ್ರಯವಾದ ದ್ರವ್ಯವಿರಲೇಬೇಕು; ನೀರಿಲ್ಲದೆ ತೆರೆಯೆಲ್ಲಿ? ಈ ಅನುಮಾನದಿಂದ ವಿಶ್ವವ್ಯಾಪಿಯಾದ ಈಥರ್ ಎಂಬ ದ್ರವ್ಯವನ್ನು ಅಂಗೀಕರಿಸಿದ್ದರು. ಇದನ್ನು ನಮ್ಮ ವೈಶೇಷಿಕರ ಆಕಾಶದೊಡನೆ ಒಂದುಗೂಡಿಸಿ ಮಾತನಾಡುವ ಪದ್ಧತಿಯುಂಟು, ಅದು ಯುಕ್ತವಲ್ಲ. ವೈಶೇಷಿಕರ ಆಕಾಶವು ಶಬ್ದಗುಣಕ್ಕೆ ಸಮವಾಯಿಕಾರಣವೆಂದು ಸಿದ್ಧವಾದುದು. ತೇಜಸ್ಸು ಅವರಿಗೆ ಬೇರೊಂದು ದ್ರವ್ಯವೇ ಆಗಿದೆ. ಈಥರ್ ನಿಂತುದರಿಂದ ಆಕಾಶಕ್ಕೆ ಲಾಭವಿಲ್ಲ, ಬಿದ್ದುದರಿಂದ ನಷ್ಟವೂ ಇಲ್ಲ. ಎರಡು ಶಾಸ್ತ್ರಗಳಿಗೂ ಸಾಮಾನ್ಯವಾದುದು ಆಶ್ರಯವನ್ನು ಅನುಮಾನಿಸುವ ಕ್ರಮವೊಂದೇ.

ಈಥರ್ ನಿಶ್ಚಲವಾಗಿದ್ದು ಭೂಮಿಯು ಅದರೊಳಗೆ ಸೆಕೆಂಡಿಗೆ ೩೦ ಕಿಲೋಮೀಟರ್ ವೇಗದಿಂದ ಸಾಗುತ್ತಿದ್ದರೆ, ಭೂಮಿಯಲ್ಲಿರುವವರಿಗೆ ಎದುರುಗಾಳಿಯಂತೆ ಈಥರಿನ ಪ್ರವಾಹವಿರಬೇಕು. ಪ್ರವಾಹದಲ್ಲಿ ಇಬ್ಬರು ಈಜುಗಾರರನ್ನು ಭಾವಿಸಿರಿ. ಒಬ್ಬನು ಹೊಳೆಗೆ ಅಡ್ಡಲಾಗಿ ಹೋಗಿ ಬರುವನು. ಇನ್ನೊಬ್ಬನು ಅಷ್ಟೇ ದೂರ ಪ್ರವಾಹಕ್ಕೆ ಎದುರಾಗಿ ಹೋಗಿ ಅದರೊಡನೆ ಮರಳುವನು. ಈಜುವ ವೇಗ ಐದು, ಪ್ರವಾಹದ ವೇಗ ಮೂರು, ದೂರ ಇಪ್ಪತ್ತು ಎಂದಿಟ್ಟುಕೊಂಡರೆ ಮೊದಲನೆಯವನಿಗೆ ಹತ್ತು ಗಳಿಗೆ, ಎರಡನೆಯವನಿಗೆ ಹನ್ನೆರಡೂವರೆ ಗಳಿಗೆ ಹಿಡಿಯುವುದು. ಬೆಳಕಿಗೂ ಇದೇ ನ್ಯಾಯ. ಆದರೆ ಭೂಮಿಯ ವೇಗವು ಬೆಳಕಿನ ವೇಗದಲ್ಲಿ ಹತ್ತುಸಾವಿರದ ಒಂದು ಭಾಗ. ವ್ಯತ್ಯಾಸವಾದರೋ ಆ ಭಾಗದ ವರ್ಗ, ಎಂದರೆ ಹತ್ತು ಕೋಟಿಯಲ್ಲಿ ಒಂದು. ಇಂಗ್ಲೆಂಡಿನ ಮ್ಯಾಕ್ಸ್‌ವೆಲ್ಲನು ೧೮೭೯ರಲ್ಲಿ, ತನ್ನ ಮರಣಕ್ಕೆ ಕೆಲವು ತಿಂಗಳ ಮುಂಚೆ ಬರೆದ ಪತ್ರದಲ್ಲಿ, ಭೂಮಿಯ ಮೇಲಿನ ಪ್ರಯೋಗದಿಂದ ಇಷ್ಟು ಅಲ್ಪವಾದುದನ್ನು ಗ್ರಹಿಸಲಾಗದೆಂದು ತಿಳಿಸಿದ್ದನು. ಆ ಪತ್ರವೇ ಮೈಕೆಲ್ಸನ್ನನಿಗೆ ಸವಾಲಾಯಿತು.

೧೮೮೦ರಲ್ಲಿ ರಜೆಯನ್ನು ಪಡೆದು ಆತನು ಬರ್ಲಿನ್ನಿಗೆ ಹೋಗಿ ಹೆಲ್ಮ್‌ಹೋಲ್ಟ್ಸನ ಪ್ರಯೋಗಶಾಲೆಯನ್ನು ಸೇರಿದನು. ಅಲ್ಲಿ ನಿರ್ಮಿತವಾದುದೇ ಇಂಟರ್‌ಫೆರೋಮೀಟರ್ ಎಂಬ ಯಂತ್ರ, ವ್ಯತಿಕರಣಮಾಪಕವೆಂದು ಕನ್ನಡಿಸಬಹುದು. ಅರ್ಧ ಬೆಳ್ಳಿ ಬಳಿದ ಗಾಜಿನ ಹಲಗೆಯೊಂದು ಕಿರಣವನ್ನು ಎರಡಾಗಿ ಸೀಳುತ್ತದೆ. ಒಂದು ಭಾಗವು ನೇರವಾಗಿಯೂ ಇನ್ನೊಂದು ಲಂಬವಾಗಿಯೂ ಹೋಗಿ, ಕನ್ನಡಿಗಳಿಂದ ಮರಳಿ ಮತ್ತೆ ಒಂದಾಗುತ್ತವೆ. ಉಬ್ಬಿಗೆ ಉಬ್ಬು ಸೇರಿದಲ್ಲಿ ಬೆಳಕು, ಉಬ್ಬಿಗೆ ತಗ್ಗು ಸೇರಿದಲ್ಲಿ ಕತ್ತಲೆ. ಹೀಗೆ ಬಿಳಿ ಕರಿ ಪಟ್ಟೆಗಳು ಕಾಣುವುವು. ಯಂತ್ರವನ್ನು ತಿರುಗಿಸಿದಾಗ ಪ್ರವಾಹದ ದಿಕ್ಕಿನಲ್ಲಿದ್ದ ತೋಳು ಅಡ್ಡವಾಗಿ, ಅಡ್ಡವಿದ್ದುದು ಪ್ರವಾಹದ ದಿಕ್ಕಿಗೆ ಬರುವುದರಿಂದ ಪಟ್ಟೆಗಳು ಸರಿಯಬೇಕು. ಟೆಲಿಫೋನಿನ ಗ್ರಹಾಂ ಬೆಲ್ಲನು ಇದಕ್ಕೆ ಧನಸಹಾಯವನ್ನು ಮಾಡಿದನು. ಬರ್ಲಿನ್ನಿನ ಗಾಡಿಗಳ ಸಂಚಾರದಿಂದ ಯಂತ್ರವು ಅದುರುತ್ತಿದ್ದುದರಿಂದ ಅದನ್ನು ಪಾಟ್ಸ್‌ಡಾಮಿನ ವೇಧಶಾಲೆಗೆ ಒಯ್ದು ೧೮೮೧ರಲ್ಲಿ ನೋಡಿದನು. ಪಟ್ಟೆಗಳು ಎಣಿಸಿದಂತೆ ಸರಿಯಲಿಲ್ಲ. ನಿಶ್ಚಲವಾದ ಈಥರೆಂಬ ಪಕ್ಷವು ತಪ್ಪೆಂದು ಆತನು ಪ್ರಕಟಿಸಿದನು.

ಆದರೆ ಗಣನೆಯಲ್ಲಿ ಒಂದು ದೋಷವಿದ್ದಿತು. ಅಡ್ಡಲಾಗಿ ಹೋಗುವ ಕಿರಣಕ್ಕೂ ಪ್ರವಾಹದಿಂದ ತಡವಾಗುವುದನ್ನು ಆತನು ಬಿಟ್ಟಿದ್ದನು. ಪ್ಯಾರಿಸ್ಸಿನ ಪೋತಿಯೇ ಇದನ್ನು ಸೂಚಿಸಿದನು. ಹಾಲೆಂಡಿನ ಲೊರೆಂಟ್ಸನು ೧೮೮೬ರಲ್ಲಿ ವಿಸ್ತರಿಸಿ ತೋರಿಸಿದನು. ಕಾಣಬೇಕಾಗಿದ್ದ ಸರಿತವು ಎಣಿಸಿದುದರ ಅರ್ಧ ಮಾತ್ರವೆಂದಾಯಿತು. ಪೂರ್ತಿಯಾಗಿದ್ದಾಗಲೇ ಅದು ಪ್ರಯೋಗದ ದೋಷಮಿತಿಯನ್ನು ಕಷ್ಟದಿಂದ ಮೀರಿದ್ದಿತು.

೫

೧೮೮೧ರಲ್ಲಿ ನೌಕಾಸೇವೆಯನ್ನು ಬಿಟ್ಟ ಮೈಕೆಲ್ಸನ್ನನು ೧೮೮೨ರಲ್ಲಿ ಓಹಾಯೋ ಪ್ರಾಂತದ ಕ್ಲೀವ್‌ಲೆಂಡಿನ ಕೇಸ್ ವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದನು. ನೆರೆಯ ವೆಸ್ಟರ್ನ್ ರಿಸರ್ವ್ ವಿದ್ಯಾಲಯದ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಮಾರ್ಲಿಯು ಆತನಿಗೆ ಸಹಕಾರಿಯಾಗಿ ದೊರೆತನು. ಮಧ್ಯೆ ೧೮೮೫ರಲ್ಲಿ ಮಾನಸಿಕವಾದ ಬಳಲಿಕೆಯಿಂದ ಮೈಕೆಲ್ಸನ್ನನು ಕೆಲವು ಕಾಲ ಕೆಲಸವನ್ನೇ ಬಿಡಬೇಕಾಯಿತು. ೧೮೮೬ರಲ್ಲಿ ಕೇಸ್ ವಿದ್ಯಾಲಯದ ಕಟ್ಟಡಕ್ಕೆ ಬೆಂಕಿಬಿದ್ದು, ಪ್ರಯೋಗವು ಮಾರ್ಲಿಯ ವಿದ್ಯಾಲಯಕ್ಕೆ ಸಾಗಿತು.

ಪಾಟ್ಸ್‌ಡಾಮಿನ ನ್ಯೂನತೆಗಳನ್ನು ಇಬ್ಬರೂ ಒಂದೊಂದಾಗಿ ನೀಗಿದರು. ಒಂದೂವರೆ ಮೀಟರ್ ಚೌಕದ, ಸುಮಾರು ಒಂದಡಿ ದಪ್ಪದ ಮರಳುಗಲ್ಲಿನ ಹಾಸನ್ನು ಮಾಡಿಸಿ, ಉಂಗುರಾಕಾರದ ಮರದ ತೆಪ್ಪದ ಮೇಲಿಟ್ಟು, ಕಬ್ಬಿಣದ ದೋಣಿಯಲ್ಲಿ ತುಂಬಿದ ಪಾದರಸದ ಮೇಲೆ ತೇಲಿಸಿದರು. ಕಲ್ಲು ಅದುರದೆ, ಆರು ನಿಮಿಷಕ್ಕೆ ಒಂದು ಸುತ್ತಿನಂತೆ ಮೆಲ್ಲಗೆ ತಿರುಗುತ್ತಿದ್ದಿತು. ಕಲ್ಲಿನ ಮೂಲೆಗಳಲ್ಲಿ ಕನ್ನಡಿಗಳನ್ನಿಟ್ಟು ಬೆಳಕನ್ನು ಹಿಂದಕ್ಕೂ ಮುಂದಕ್ಕೂ ಹಾಯಿಸಿ ತೋಳಿನ ಉದ್ದವನ್ನು ೧೧ ಮೀಟರಿಗೆ ಏರಿಸಿದರು. ಅಷ್ಟರಲ್ಲಿ ಹಳದಿಯ ಬೆಳಕಿನ ಅಲೆಗಳು ಸುಮಾರು ಎರಡು ಕೋಟಿ ಅಡಗುವುವು. ಆದಕಾರಣ ನಿಶ್ಚಲವಾದ ಈಥರಿದ್ದಿದ್ದರೆ ಪಟ್ಟೆಯು ತನ್ನ ಅಗಲದ ೦.೪ ಭಾಗದಷ್ಟು ಸರಿಯಬೇಕಾಗಿದ್ದಿತು. ೧೮೮೭ರ ಜುಲೈ ೮ರಿಂದ ೧೨ರವರೆಗೆ ನಡುಹಗಲಲ್ಲಿಯೂ ಸಂಜೆಯಲ್ಲಿಯೂ, ಒಬ್ಬನು ಕಲ್ಲಿನ ಜತೆಯಲ್ಲಿಯೇ ಸುತ್ತುತ್ತ, ಸುತ್ತೊಂದಕ್ಕೆ ಹದಿನಾರು ಸ್ಥಾನಗಳಲ್ಲಿ ಪಟ್ಟೆಯನ್ನು ನೋಡಿ ಹೇಳಿದನು. ಕಂಡ ಸರಿತವು ನಿರೀಕ್ಷಿಸಿದುದರ ಇಪ್ಪತ್ತನೆಯ ಒಂದು ಭಾಗಕ್ಕಿಂತ ನಿಶ್ಚಯವಾಗಿಯೂ, ನಲವತ್ತನೆಯ ಒಂದು ಭಾಗಕ್ಕಿಂತ ಸಂಭವತಃ ಕಡಮೆಯೆಂದು ನವೆಂಬರ್ ತಿಂಗಳಲ್ಲಿ ಪ್ರಕಟಿಸಿದರು.

ಋತುಭೇದದಿಂದ ಭೂಮಿಯ ಗತಿಯ ದಿಕ್ಕು ಬದಲಾಗುವುದರಿಂದ, ಮೂರು ತಿಂಗಳಿಗೊಮ್ಮೆ ನೋಡುವೆವೆಂದು ಅದೇ ಲೇಖನದಲ್ಲಿ ಹೇಳಿದ್ದರು. ಹಾಗೆ ನೋಡಲಿಲ್ಲ. ಮೈಕೆಲ್ಸನ್ನನ ಮನಸ್ಸಿಗೆ ಇದು ವಿಫಲಪ್ರಯೋಗವಾಗಿಯೇ ತೋರಿದ್ದಿತು. ಆತನು ಬೇರೆ ಕಾರ್ಯಕ್ಕೆ ತಿರುಗಿದನು.

೬

ಈಗ ಪ್ರಮಾಣವಿಚಾರಕ್ಕೆ ಬರೋಣ. ನೆಲದ ಮೇಲೆ ಗಡಿಗೆಯಿಲ್ಲವೆಂಬ ಜ್ಞಾನವು ಹೇಗೆ ಹುಟ್ಟುವುದು? ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯೆಂಬ ಆರನೆಯ ಪ್ರಮಾಣದಿಂದ ಎನ್ನುವರು. ನೈಯಾಯಿಕರು ಪ್ರತ್ಯಕ್ಷದಿಂದಲೇ, ಅನುಪಲಬ್ಧಿಯು ಅದಕ್ಕೆ ಸಹಕಾರಿ, ಎನ್ನುವರು. ಪ್ರಾಭಾಕರರು ಅಭಾವವನ್ನೇ ಬೇರೆ ಪದಾರ್ಥವಾಗಿ ಒಪ್ಪರು. ಈ ವಿವಾದವೆಷ್ಟೇ ಇರಲಿ, ಒಂದು ನಿಯಮವು ಸರ್ವರಿಗೂ ಬೇಕಾದುದು: ಬರಿಯ ಕಾಣದಿರುವಿಕೆಯು ಸಾಲದು, ಅದು ಯೋಗ್ಯವಾಗಿರಬೇಕು. ಇದ್ದಿದ್ದರೆ ಕಂಡೇ ಕಾಣುತ್ತಿದ್ದಿತು ಎಂಬ ತರ್ಕವು ಸಲ್ಲುವಲ್ಲಿ ಮಾತ್ರ ಕಾಣದಿರುವಿಕೆಯು ಇಲ್ಲದಿರುವಿಕೆಯನ್ನು ತಿಳಿಸುತ್ತದೆ. ಕತ್ತಲೆಯ ಕೋಣೆಯಲ್ಲಿ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲವೆನ್ನಲಾಗದು. ಸ್ವಭಾವದಿಂದಲೇ ಅತೀಂದ್ರಿಯವಾದ ಧರ್ಮಾಧರ್ಮಗಳು ಕಾಣವೆಂದು ಅವನ್ನು ಅಲ್ಲಗಳೆಯಲಾಗದು.

ಈ ನಿಯಮದಿಂದ ೧೮೮೧ಕ್ಕೂ ೧೮೮೭ಕ್ಕೂ ಇರುವ ಅಂತರವು ಸ್ಫುಟವಾಗುವುದು. ಪಾಟ್ಸ್‌ಡಾಮಿನಲ್ಲಿ ಸರಿತವಿದ್ದಿದ್ದರೂ ದೋಷಗಳೊಳಗೆ ಅಡಗಿರಬಹುದಾಗಿದ್ದಿತು. ಅದು ಕತ್ತಲೆಯ ಕೋಣೆಯ ಅನುಪಲಬ್ಧಿ. ಕ್ಲೀವ್‌ಲೆಂಡಿನ ಕಲ್ಲು, ಪಾದರಸ, ಹನ್ನೊಂದು ಮೀಟರಿನ ಹಾದಿ ಇವೆಲ್ಲವೂ ಆ ಕೋಣೆಗೆ ತಂದ ದೀಪಗಳು. ಇದ್ದಿದ್ದರೆ ಕಂಡೇ ಕಾಣುತ್ತಿದ್ದಿತೆಂದು ಹೇಳುವ ಅಧಿಕಾರವನ್ನು ಆ ಪರಿಶ್ರಮವು ಸಂಪಾದಿಸಿಕೊಟ್ಟಿತು. ಮೂರು ತಿಂಗಳ ಮಾತನ್ನು ನಡೆಸದಿದ್ದುದರಿಂದ ಯೋಗ್ಯತೆಯಲ್ಲಿ ಒಂದು ಬಿರುಕು ಉಳಿದಿದ್ದಿತು. ಆ ಜುಲೈ ತಿಂಗಳಿನಲ್ಲಿ ಸೌರಮಂಡಲದ ಗತಿಯು ಭೂಮಿಯ ಗತಿಯನ್ನು ದೈವವಶದಿಂದ ಸರಿದೂಗಿಸಿದ್ದಿರಬಹುದೆಂಬ ಶಂಕೆ ಅದು. ಮುಂದೆ ಹಲವರು ಬೇರೆ ಬೇರೆ ಋತುಗಳಲ್ಲಿ ನೋಡಿದರು. ಡೇಟನ್ ಮಿಲ್ಲರನು ೧೯೨೫-೨೬ರಲ್ಲಿ ಮೌಂಟ್ ವಿಲ್ಸನ್ ಶಿಖರದಲ್ಲಿ ಅಲ್ಪಸರಿತವು ಕಂಡಿತೆಂದು ಸಾರಿದನು. ೧೯೫೫ರಲ್ಲಿ ಶ್ಯಾಂಕ್‌ಲೆಂಡ್ ಮೊದಲಾದವರು ಅವನ ಲೆಕ್ಕಗಳನ್ನು ಮತ್ತೆ ಪರಿಶೀಲಿಸಿ ಅದನ್ನು ಉಷ್ಣತೆಯ ವ್ಯತ್ಯಾಸಕ್ಕೆ ಆರೋಪಿಸಿದರು. ಇತರರ ಪ್ರಯೋಗಗಳೆಲ್ಲವೂ ೧೮೮೭ರ ಫಲವನ್ನೇ ದೃಢಪಡಿಸಿದುವು.

ಇನ್ನೊಂದು ಸೂಕ್ಷ್ಮವಿದೆ. ಇಲ್ಲಿ ಅಭಾವವು ಸಿದ್ಧವಾದುದು ಯಾವುದಕ್ಕೆ? ಪಟ್ಟೆಯ ಸರಿತಕ್ಕೆ, ಈಥರಿಗಲ್ಲ. ಈಥರ್ ಎಂದೂ ಕಣ್ಣಿಗೆ ಯೋಗ್ಯವಾದುದಾಗಿರಲಿಲ್ಲ. ಸರಿತದ ಅಭಾವದಿಂದ ಮುಂದೆ ಎಲ್ಲಿಗೆ ಹೋಗಬೇಕೆಂಬುದು ಬೇರೆಯ ಪ್ರಶ್ನೆ. ಮೈಕೆಲ್ಸನ್ನನು ನಿಶ್ಚಲವಾದ ಈಥರನ್ನು ಮಾತ್ರ ಬಿಟ್ಟನು, ಈಥರನ್ನೇ ಬಿಡಲಿಲ್ಲ. ಐರ್ಲೆಂಡಿನ ಫಿಟ್ಸ್‌ಜೆರಾಲ್ಡನು ೧೮೮೯ರಲ್ಲಿಯೂ ಲೊರೆಂಟ್ಸನು ೧೮೯೨ರಲ್ಲಿಯೂ, ಗತಿಯ ದಿಕ್ಕಿನಲ್ಲಿ ಪದಾರ್ಥಗಳು ಸಂಕೋಚಹೊಂದುವುವೆಂದು ಕಲ್ಪಿಸಿದರು. ಇದು ನಮ್ಮ ಅರ್ಥಾಪತ್ತಿಯೇ: ಹಗಲು ಉಣ್ಣದ ದೇವದತ್ತನು ದಪ್ಪನಾಗಿರುವುದನ್ನು ಕಂಡು ರಾತ್ರಿಯ ಊಟವನ್ನು ಕಲ್ಪಿಸಿದಂತೆ, ಈಥರೂ ಇರಬೇಕು, ಸರಿತವೂ ಇರಕೂಡದು ಎಂದಾಗ ತೋಳಿನ ಸಂಕೋಚವನ್ನು ಕಲ್ಪಿಸಿದರು. ೧೯೦೫ರಲ್ಲಿ ಐನ್‌ಸ್ಟೈನನು ಬೇರೊಂದು ದಾರಿಯನ್ನು ಹಿಡಿದನು. ಬೆಳಕಿನ ವೇಗವು ಸಮಗತಿಯಲ್ಲಿರುವ ಸರ್ವರಿಗೂ ಒಂದೇ ಎಂದು ಅಂಗೀಕರಿಸಿದರೆ ಈಥರಿನ ಕಲ್ಪನೆಗೆ ಪ್ರಯೋಜನವೇ ಇಲ್ಲವೆಂದನು. ಇದು ಲಾಘವನ್ಯಾಯ. ಈಥರನ್ನು ಹೊರಹಾಕಿದುದು ಅನುಪಲಬ್ಧಿಯಲ್ಲ, ಲಾಘವ.

ಎರಡನೆಯ ಮಾತಿನ ವಿಷಯ. ಐನ್‌ಸ್ಟೈನನ ೧೯೦೫ರ ಲೇಖನದಲ್ಲಿ ಮೈಕೆಲ್ಸನ್ನನ ಹೆಸರಿಲ್ಲ. ಬೆಳಕಿನ ಮಾಧ್ಯಮಕ್ಕೆ ಸಂಬಂಧಿಸಿ ಭೂಮಿಯ ಗತಿಯನ್ನು ತಿಳಿಯಲು ಮಾಡಿದ ಯತ್ನಗಳು ವಿಫಲವಾದುವೆಂಬ ಸಾಮಾನ್ಯೋಕ್ತಿ ಮಾತ್ರವಿದೆ. ಈ ಪ್ರಯೋಗವು ತನ್ನನ್ನು ಎಷ್ಟು ಪ್ರೇರಿಸಿತೆಂಬ ವಿಷಯದಲ್ಲಿ ಐನ್‌ಸ್ಟೈನನು ಬೇರೆ ಬೇರೆ ಕಾಲಗಳಲ್ಲಿ ಆಡಿದ ಮಾತುಗಳು ಪರಸ್ಪರ ಹೊಂದುವುದಿಲ್ಲ. ೧೯೬೯ರಲ್ಲಿ ಜೆರಾಲ್ಡ್ ಹೋಲ್ಟನ್ನನು ಇವೆಲ್ಲವನ್ನೂ ಪರೀಕ್ಷಿಸಿ, ಪ್ರೇರಣೆಯು ಪರೋಕ್ಷವೂ ಅಲ್ಪವೂ ಆದುದೆಂದು ನಿರ್ಣಯಿಸಿದನು. ಪ್ರಯೋಗವು ವಾದಕ್ಕೆ ಜನ್ಮಕಾರಣವಾಗದಿದ್ದರೂ ಅದನ್ನು ವಿದ್ವಾಂಸರು ಒಪ್ಪುವುದಕ್ಕೆ ಬಲವಾದ ಕಾರಣವಾಯಿತು. ಉತ್ಪತ್ತಿಯ ಹೇತುವನ್ನೂ ಜ್ಞಪ್ತಿಯ ಹೇತುವನ್ನೂ ಬೆರೆಸಬಾರದು.

೭

ಶೇಷಜೀವಿತವನ್ನು ಸಂಕ್ಷೇಪವಾಗಿ ಹೇಳುವೆನು. ೧೮೮೯ರಲ್ಲಿ ವೂಸ್ಟರಿನ ಕ್ಲಾರ್ಕ್ ವಿಶ್ವವಿದ್ಯಾಲಯಕ್ಕೆ ಹೋದ ಮೈಕೆಲ್ಸನ್ನನು ೧೮೯೨ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಭೌತಶಾಸ್ತ್ರವಿಭಾಗಕ್ಕೆ ಮೊದಲ ಮುಖ್ಯಸ್ಥನಾದನು. ೧೮೯೨-೯೩ರಲ್ಲಿ ಪ್ಯಾರಿಸ್ಸಿನ ಬಳಿಯ ಸೆವ್ರ್‌ನಲ್ಲಿದ್ದ ಅಂತರರಾಷ್ಟ್ರೀಯ ತೂಕ ಅಳತೆಗಳ ಕಚೇರಿಯಲ್ಲಿ, ಅಲ್ಲಿಯ ಲೋಹದಂಡದ ಮೀಟರನ್ನು ಕ್ಯಾಡ್ಮಿಯಂ ಲೋಹದ ಕೆಂಪು ಬೆಳಕಿನ ಅಲೆಗಳಿಂದ ಅಳೆದು, ಒಂದು ಮೀಟರಿಗೆ ೧೫,೫೩,೧೬೩.೫ ಅಲೆಗಳೆಂದು ಗೊತ್ತುಮಾಡಿದನು. ಲೋಹದಂಡವು ಕೆಟ್ಟರೂ ಕಳೆದರೂ ಅಲೆಯು ಕೆಡದೆಂಬುದು ಇದರ ಅಭಿಪ್ರಾಯ.

೧೮೯೪ರಲ್ಲಿ ಶಿಕಾಗೋವಿನ ರೈಯರ್ಸನ್ ಪ್ರಯೋಗಶಾಲೆಯ ಪ್ರಾರಂಭೋತ್ಸವದಲ್ಲಿ, ಭೌತಶಾಸ್ತ್ರದ ಮೂಲತತ್ತ್ವಗಳು ಬಹುಮಟ್ಟಿಗೆ ದೃಢವಾಗಿ ನೆಲೆಗೊಂಡಿವೆಯೆಂದೂ, ಮುಂದಿನ ಸತ್ಯಗಳನ್ನು ದಶಾಂಶದ ಆರನೆಯ ಸ್ಥಾನದಲ್ಲಿ ಹುಡುಕಬೇಕೆಂದೂ ಆತನು ನುಡಿದನು. ಮರುವರ್ಷವೇ ಕ್ಷ-ಕಿರಣವೂ, ೧೮೯೬ರಲ್ಲಿ ವಿಕಿರಣಶೀಲತೆಯೂ, ೧೮೯೭ರಲ್ಲಿ ಇಲೆಕ್ಟ್ರಾನೂ ಪ್ರಕಟವಾದುವು. ಆ ಮಾತನ್ನು ಹಾಸ್ಯಮಾಡುವುದು ಸುಲಭ. ಆದರೆ ಹಳೆಯ ಶಾಸ್ತ್ರವನ್ನು ಅಲುಗಿಸಿದ ಬಿರುಕುಗಳಲ್ಲಿ ಒಂದು, ಆತನ ಕೈಯಲ್ಲಿಯೇ, ದಶಾಂಶಸ್ಥಾನಗಳ ಆಳದಲ್ಲಿಯೇ ಕಂಡುಬಂದಿದ್ದಿತು. ಮಾತು ನಿಜವಾಗಿದ್ದಿತು, ಅದರ ಅರ್ಥವು ಆಡಿದವನಿಗೆ ತಿಳಿಯಲಿಲ್ಲ.

೧೯೦೭ರಲ್ಲಿ ನೊಬೆಲ್ ಬಹುಮಾನವು ಬಂದಿತು. ವಿಜ್ಞಾನಗಳಲ್ಲಿ ಅದನ್ನು ಪಡೆದ ಅಮೆರಿಕನ್ನರಲ್ಲಿ ಈತನೇ ಮೊದಲನೆಯವನು. ಬಹುಮಾನದ ಶಾಸನವು ಆತನ ಸೂಕ್ಷ್ಮಯಂತ್ರಗಳನ್ನೂ, ಅವುಗಳಿಂದ ಸಾಧಿಸಿದ ವರ್ಣಪಟಲ ಮತ್ತು ಮಾನಗಳ ಶೋಧನೆಗಳನ್ನೂ ಹೊಗಳಿತೇ ಹೊರತು ಈಥರಿನ ಪ್ರಯೋಗವನ್ನು ಹೆಸರಿಸಲಿಲ್ಲ. ೧೯೨೦ನೆಯ ಡಿಸೆಂಬರ್ ೧೩ರಂದು ಮೌಂಟ್ ವಿಲ್ಸನ್ನಿನ ನೂರು ಅಂಗುಲದ ದೂರದರ್ಶಕಕ್ಕೆ ಆತನ ಕ್ರಮದಂತೆ ಇಪ್ಪತ್ತಡಿಯ ತೊಲೆಯನ್ನು ಜೋಡಿಸಿ, ಸಹಕಾರಿ ಪೀಸನು ಆರ್ದ್ರಾನಕ್ಷತ್ರವನ್ನು ನೋಡಿದನು. ಅದರ ಕೋನವ್ಯಾಸವು ಒಂದು ವಿಕಲೆಯ ೦.೦೪೭ ಭಾಗವೆಂದು ತಿಳಿಯಿತು. ಸೂರ್ಯನನ್ನು ಬಿಟ್ಟು ಬೇರೊಂದು ನಕ್ಷತ್ರದ ವ್ಯಾಸವನ್ನು ಯಂತ್ರದಿಂದ ಅಳೆದುದು ಇದೇ ಮೊದಲು.

೮

ಮೊದಲ ಪ್ರೇಮವು ಕೊನೆಯವರೆಗೂ ಬಿಡಲಿಲ್ಲ. ೧೯೨೪-೨೬ರಲ್ಲಿ ಮೌಂಟ್ ವಿಲ್ಸನ್ನಿಗೂ ಮೌಂಟ್ ಸ್ಯಾನ್ ಆಂಟೋನಿಯೋವಿಗೂ ನಡುವೆ ೩೫ ಕಿಲೋಮೀಟರ್ ಬೆಳಕನ್ನು ಹಾಯಿಸಿ, ಸೆಕೆಂಡಿಗೆ ಸುಮಾರು ೫೨೮ ಸುತ್ತು ತಿರುಗುವ ಎಂಟು ಮುಖಗಳ ಕನ್ನಡಿಯಿಂದ ೨,೯೯,೭೯೬ ಕಿಲೋಮೀಟರ್ ವೇಗವನ್ನು ಪಡೆದನು. ಗಾಳಿಯ ವಿಕಾರವನ್ನೂ ತಪ್ಪಿಸಬೇಕೆಂದು ಕ್ಯಾಲಿಫೋರ್ನಿಯಾದ ಸಾಂಟಾ ಆನಾದ ಸಮೀಪದಲ್ಲಿ ಒಂದು ಮೈಲಿ ಉದ್ದದ ಕೊಳವೆಯನ್ನು ಹಾಕಿಸಿ ಅದರೊಳಗಣ ಗಾಳಿಯನ್ನು ತೆಗೆಸಿದನು. ವೀಕ್ಷಣೆಗಳು ಆರಂಭವಾದ ಬಳಿಕ ೧೯೩೧ನೆಯ ಮೇ ೯ರಂದು ಪಾಸಡೀನದಲ್ಲಿ ದೇಹವನ್ನು ಬಿಟ್ಟನು. ಪೀಸ್ ಮತ್ತು ಪಿಯರ್ಸನ್ನರು ಕಾರ್ಯವನ್ನು ಮುಗಿಸಿ ೧೯೩೫ರಲ್ಲಿ ೨,೯೯,೭೭೪ ಎಂದು ಪ್ರಕಟಿಸಿದರು. ಗಾಳಿಯಿಲ್ಲದ ಕೊಳವೆಯ ಈ ಅಂಕಿಗಿಂತ ಬೆಟ್ಟಗಳ ನಡುವೆ ಪಡೆದ ಹಿಂದಿನ ಅಂಕಿಯೇ ಸತ್ಯಕ್ಕೆ ಸಮೀಪವಾಗಿದ್ದಿತೆಂದು ಕಾಲಾಂತರದಲ್ಲಿ ತಿಳಿಯಿತು.

೧೯೬೦ರಲ್ಲಿ ಮೀಟರಿನ ಲಕ್ಷಣವನ್ನು ಲೋಹದಂಡದಿಂದ ಬಿಡಿಸಿ ಕ್ರಿಪ್ಟಾನ್ ಬೆಳಕಿನ ಅಲೆಗೆ ಕಟ್ಟಿದರು. ೧೯೮೩ರಲ್ಲಿ ಅದನ್ನೂ ಬಿಟ್ಟು, ಬೆಳಕು ಒಂದು ಸೆಕೆಂಡಿನ ೨೯,೯೭,೯೨,೪೫೮ರಲ್ಲಿ ಒಂದು ಭಾಗದಷ್ಟು ಕಾಲದಲ್ಲಿ ಶೂನ್ಯದಲ್ಲಿ ಕ್ರಮಿಸುವ ದೂರವೇ ಮೀಟರೆಂದು ವಿಧಿಸಿದರು. ಅಂದಿನಿಂದ ಆ ವೇಗವನ್ನು ಅಳೆಯುವ ಮಾತೇ ಇಲ್ಲ. ಒಬ್ಬನು ಜೀವಮಾನವೆಲ್ಲ ಅಳೆದ ಮೇಯವು ತಾನೇ ಮಾನವಾಯಿತು. ೨೦೧೫ನೆಯ ಸೆಪ್ಟೆಂಬರ್ ೧೪ರಂದು ಗುರುತ್ವದ ಅಲೆಯನ್ನು ಅಮೆರಿಕದಲ್ಲಿ ಮೊದಲು ಗ್ರಹಿಸಿದ ಲೈಗೋ ಯಂತ್ರಗಳು ನಾಲ್ಕು ಕಿಲೋಮೀಟರ್ ತೋಳುಗಳುಳ್ಳ ಮೈಕೆಲ್ಸನ್ನನ ವ್ಯತಿಕರಣಮಾಪಕಗಳೇ. ಏನೂ ಕಾಣಲಿಲ್ಲವೆಂದು ಹೇಳಿದ ಯಂತ್ರಕ್ಕೆ, ಕಂಡಿತೆಂದು ಹೇಳಿದಾಗ ಲೋಕವು ನಂಬಿಕೆಯನ್ನು ಕೊಟ್ಟಿತು. ಇಲ್ಲವೆನ್ನುವ ಯೋಗ್ಯತೆಯೂ ಉಂಟೆನ್ನುವ ಯೋಗ್ಯತೆಯೂ ಬೇರೆ ಬೇರೆಯಲ್ಲ.

ನಮ್ಮ ಶೋಧನೆಗಳಲ್ಲಿಯೂ ಇದು ಸ್ಮರಣೀಯವಾದುದು. ಒಂದು ಶಬ್ದವು ಶಾಸನಗಳಲ್ಲಿ ಕಾಣದು, ಒಬ್ಬ ಕವಿಯ ಹೆಸರನ್ನು ಅನಂತರದವರು ಎತ್ತರು ಎಂದು ಹೇಳಿ, ಅಷ್ಟರಿಂದಲೇ ಅಭಾವವನ್ನು ಸಾಧಿಸುವ ಲೇಖನಗಳನ್ನು ನಾವು ಬರೆಯುತ್ತಿರುತ್ತೇವೆ. ಇದ್ದಿದ್ದರೆ ಅಲ್ಲಿ ಕಂಡೇ ಕಾಣುತ್ತಿದ್ದಿತೇ ಎಂದು ಮೊದಲು ಕೇಳಿಕೊಳ್ಳಬೇಕು. ಆ ಪ್ರಶ್ನೆಗೆ ಉತ್ತರವನ್ನು ಹೇಳಬಲ್ಲವನಾಗಲು ಮೈಕೆಲ್ಸನ್ನನು ಕಲ್ಲನ್ನು ಪಾದರಸದ ಮೇಲೆ ತೇಲಿಸಿದನು. ನಮ್ಮ ಕೈಯಲ್ಲಿರುವುದು ಓಲೆಗಳು ಮತ್ತು ಶಿಲಾಲಿಪಿಗಳು. ಪರಿಶ್ರಮವು ಅದಕ್ಕಿಂತ ಕಡಮೆಯಾಗಬೇಕಾದುದಿಲ್ಲ.